ಮಣ್ಣಿನ ನಯವಾದ ಕಣಗಳೂ ಅವುಗಳಲ್ಲಿರುವ ಕಿಣ್ವಗಳೂ

(ಹಿಡುವಳಿದಾರರ ಮತ್ತು ಗ್ರಾಮಮುಖಂಡರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಮುಂಗಾರಿನ ಮೊದಲನೆಯ ದೊಡ್ಡ ಮಳೆ ಬಿದ್ದ ದಿವಸ ಹಳ್ಳದಲ್ಲಿ ಹರಿಯುವ ನೀರಿನ ಬಣ್ಣವನ್ನು ತಾವೆಲ್ಲರೂ ನೋಡಿರುವಿರಿ. ಕೆಮ್ಮಣ್ಣಿನ ಸೀಮೆಯಲ್ಲಿ ಅದು ಕೆಂಪಾಗಿಯೂ ಎರೆಯ ಸೀಮೆಯಲ್ಲಿ ಕಪ್ಪಾಗಿಯೂ ಇರುವುದು. ಮಳೆ ನಿಂತ ಮೇಲೆ ಕೆಮ್ಮಣ್ಣಿನ ಹೊಲಕ್ಕೆ ಹೋಗಿ ನೋಡಿದರೆ, ಸಾಲುಗಳ ತಗ್ಗಿನಲ್ಲಿ ತೊಳೆದಿಟ್ಟಂತಹ ಮರಳು ನಿಂತಿರುವುದು. ಮರಳು ಹೊಲದಲ್ಲಿ ಉಳಿಯಿತು. ಬಣ್ಣವು ನೀರಿನೊಡನೆ ಹೋಯಿತು. ಹೀಗೆ ಹೋದದ್ದು ಬರಿಯ ಬಣ್ಣವಲ್ಲವೆಂಬುದನ್ನೂ, ಹಾಕಿದ ಗೊಬ್ಬರವನ್ನು ಪೈರಿಗೆ ಆಹಾರವಾಗಿ ಮಾಡಿಕೊಡುವ ಶಕ್ತಿಯ ದೊಡ್ಡ ಪಾಲು ಅದರೊಡನೆಯೇ ಹೋಯಿತೆಂಬುದನ್ನೂ ತಮ್ಮ ಗಮನಕ್ಕೆ ತರುವುದು ಈ ಉಪನ್ಯಾಸದ ಉದ್ದೇಶವಾಗಿದೆ.

1. ಗೊಬ್ಬರವು ಪೈರಿಗೆ ಆಹಾರವಾಗುವ ಬಗೆ

ರೈತನು ಹೊಲಕ್ಕೆ ಹಾಕುವ ಕೊಟ್ಟಿಗೆ ಗೊಬ್ಬರ, ಹಸುರೆಲೆ ಮತ್ತು ಹಿಂಡಿಗಳಲ್ಲಿಯೂ, ಹೊಲದಲ್ಲಿಯೇ ಉಳಿಯುವ ಕೂಳೆ ಮತ್ತು ಬೇರುಗಳಲ್ಲಿಯೂ ಪೈರಿಗೆ ಬೇಕಾದ ಸಾರಜನಕ, ರಂಜಕ, ಗಂಧಕ ಮುಂತಾದ ದ್ರವ್ಯಗಳು ಇವೆ. ಆದರೆ ಅವು ಇರುವ ರೂಪದಲ್ಲಿಯೇ ಪೈರಿಗೆ ದಕ್ಕುವುದಿಲ್ಲ. ಬೇರು ಮುಖ್ಯವಾಗಿ ನೀರಿನಲ್ಲಿ ಕರಗಿದ ಲವಣಗಳನ್ನೇ ಹೀರಿಕೊಳ್ಳುವುದು. ಹುಲ್ಲಿನ ನಾರಾಗಲಿ ಸೆಗಣಿಯ ಸಾರವಾಗಲಿ ಮೊದಲು ಸಣ್ಣ ಸಣ್ಣ ಅಂಶಗಳಾಗಿ ಒಡೆಯಬೇಕು. ಆ ಮೇಲೆಯೇ ಅದು ಪೈರಿಗೆ ಉಪಯೋಗವಾಗುವುದು. ಈ ಒಡೆಯುವ ಕೆಲಸವನ್ನು ಮಾಡುವ ವಸ್ತುಗಳಿಗೆ ಕಿಣ್ವಗಳೆಂದು ಹೆಸರು.

ಕಿಣ್ವದ ಕೆಲಸವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ರಾಗಿಯನ್ನು ನೆನೆಯಿಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ ಬೀಸಿದ ಹಿಟ್ಟಿನಿಂದ ಮಕ್ಕಳಿಗೆ ಗಂಜಿ ಮಾಡುವುದು ನಮ್ಮ ಮನೆಗಳಲ್ಲಿ ವಾಡಿಕೆಯಾಗಿದೆ. ಆ ಗಂಜಿ ಸಾಮಾನ್ಯ ರಾಗಿಯ ಗಂಜಿಗಿಂತ ತೆಳ್ಳಗೂ ಸಿಹಿಯಾಗಿಯೂ ಇರುವುದು. ಏತಕ್ಕೆಂದರೆ, ಕಾಳು ಮೊಳೆಯುವಾಗ ಅದರಲ್ಲಿ ಅಮೈಲೇಸ್ ಎಂಬ ಕಿಣ್ವವು ಹುಟ್ಟಿ ಕಾಳಿನ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವುದು. ಕಿಣ್ವಕ್ಕೆ ಕೆಲಸ ಮಾಡಲು ತೇವವೂ ಹದವಾದ ಬಿಸಿಯೂ ಬೇಕು. ಹೆಚ್ಚಾಗಿ ಕಾಯಿಸಿದರೆ ಅದು ಕೆಡುವುದು. ಒಂದು ಕೀಲಿಯು ಒಂದೇ ಬೀಗವನ್ನು ತೆಗೆಯುವಂತೆ ಒಂದು ಕಿಣ್ವವು ಸಾಮಾನ್ಯವಾಗಿ ಒಂದೇ ಬಗೆಯ ವಸ್ತುವನ್ನು ಒಡೆಯುವುದು. ಬೀಗವನ್ನು ತೆಗೆದುದರಿಂದ ಕೀಲಿಯು ಸವೆದುಹೋಗದಂತೆ, ಒಂದು ವಸ್ತುವನ್ನು ಒಡೆದ ಕಿಣ್ವವು ಪುನಃ ಇನ್ನೊಂದನ್ನು ಒಡೆಯಲು ಸಿದ್ಧವಾಗಿರುವುದು.

ಜೀವವಿಲ್ಲದೆಯೂ ಕಿಣ್ವವು ಕೆಲಸ ಮಾಡಬಲ್ಲುದೆಂಬುದನ್ನು 1897ರಲ್ಲಿ ಜರ್ಮನಿಯ ಎಡ್ವರ್ಡ್ ಬುಕ್ನರ್ ಎಂಬ ಪಂಡಿತರು ತೋರಿಸಿಕೊಟ್ಟರು. ಅವರು ಯೀಸ್ಟನ್ನು ಅರೆದು ಹಿಂಡಿ, ಜೀವಕಣಗಳಿಲ್ಲದ ರಸವನ್ನು ತೆಗೆದು, ಆ ರಸದಿಂದಲೇ ಸಕ್ಕರೆಯು ಹುಳಿಯುವುದನ್ನು ಕಂಡರು. 1926ರಲ್ಲಿ ಅಮೆರಿಕದ ಜೇಮ್ಸ್ ಸಮ್ನರ್ ಎಂಬವರು ಅವರೆಯ ವರ್ಗಕ್ಕೆ ಸೇರಿದ ಒಂದು ಕಾಳಿನಿಂದ ಯೂರಿಯೇಸ್ ಎಂಬ ಕಿಣ್ವವನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿ, ಅದು ಒಂದು ಸಸಾರಜನಕ ವಸ್ತು, ಅಂದರೆ ಪ್ರೋಟೀನು, ಎಂದು ಸ್ಥಾಪಿಸಿದರು. ಮೊದಲನೆಯವರಿಗೆ 1907ರಲ್ಲಿಯೂ ಎರಡನೆಯವರಿಗೆ 1946ರಲ್ಲಿಯೂ ನೊಬೆಲ್ ಬಹುಮಾನವು ದೊರೆಯಿತು. ಮಣ್ಣಿನಲ್ಲಿಯೂ ಕಿಣ್ವಗಳಿವೆಯೆಂಬ ಮಾತನ್ನು 1899ರಲ್ಲಿಯೇ ಅಮೆರಿಕದ ವುಡ್ಸ್ ಎಂಬವರು ಪ್ರಕಟಪಡಿಸಿದ್ದರು. ಮಣ್ಣಿನಲ್ಲಿ ಯೂರಿಯೇಸ್ ಇರುವುದನ್ನು 1935ರಲ್ಲಿ ಇಟಲಿಯ ರೊಟೀನಿ ಎಂಬವರು ತಿಳಿಸಿದರು.

ಮಣ್ಣಿನೊಳಗೆ ಈ ಕಿಣ್ವಗಳು ಬರುವುದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಿಂದಲೂ, ಬೂಷ್ಟುಗಳಿಂದಲೂ, ಪೈರಿನ ಬೇರುಗಳಿಂದಲೂ, ಎರೆಹುಳು ಮೊದಲಾದ ಪ್ರಾಣಿಗಳಿಂದಲೂ ಆಗಿದೆ. ಕೆಲವು ಕಿಣ್ವಗಳು ಜೀವಿಯ ಒಡಲೊಳಗೇ ಇದ್ದು, ಆ ಜೀವಿಯೊಡನೆಯೇ ನಾಶವಾಗುವುವು. ಇನ್ನು ಕೆಲವು ಹೊರಕ್ಕೆ ಬಂದು, ತಮ್ಮನ್ನು ಹುಟ್ಟಿಸಿದ ಜೀವಿಯು ಸತ್ತ ಬಳಿಕವೂ ಮಣ್ಣಿನ ಕಣಗಳಿಗೆ ಅಂಟಿಕೊಂಡು ಕೆಲಸವನ್ನು ಮುಂದುವರಿಸುವುವು. ಯಾವ ಕಣಕ್ಕೆ ಎಷ್ಟು ಅಂಟಿಕೊಂಡಿವೆಯೆಂಬುದೇ ನಮ್ಮ ಈಗಿನ ಪ್ರಶ್ನೆ.

2. ಮಣ್ಣಿನ ಕಣಗಳ ಭೇದ

ಮಣ್ಣು ಒಂದೇ ಗಾತ್ರದ ಪುಡಿಯಲ್ಲ. ಅಂತರರಾಷ್ಟ್ರೀಯ ಪದ್ಧತಿಯ ಪ್ರಕಾರ 2 ಮಿಲಿಮೀಟರಿನಿಂದ 0.2 ಮಿಲಿಮೀಟರಿನವರೆಗಿನ ಕಣಗಳಿಗೆ ದಪ್ಪ ಮರಳೆಂದೂ, ಅಲ್ಲಿಂದ 0.02 ಮಿಲಿಮೀಟರಿನವರೆಗೆ ಸಣ್ಣ ಮರಳೆಂದೂ, ಅಲ್ಲಿಂದ 0.002 ಮಿಲಿಮೀಟರಿನವರೆಗೆ ರೇವೆಯೆಂದೂ, ಅದಕ್ಕಿಂತಲೂ ಸೂಕ್ಷ್ಮವಾದುವಕ್ಕೆ ಜೇಡಿಯೆಂದೂ ಹೆಸರು. ಬೆರಳುಗಳ ನಡುವೆ ಉಜ್ಜಿದರೆ ಮರಳು ಉರುಟಾಗಿ ತಗಲುವುದು. ರೇವೆಯು ಹಿಟ್ಟಿನಂತೆ ನವುರಾಗಿರುವುದು. ಒದ್ದೆಯಾದ ಜೇಡಿಯು ಅಂಟಿಕೊಳ್ಳುವುದು.

ಈ ಭೇದವನ್ನು ಯಾವ ರೈತನಾದರೂ ತನ್ನ ಮನೆಯಲ್ಲಿಯೇ ನೋಡಬಹುದು. ಬಿಳಿಯ ಗಾಜಿನ ಸೀಸೆಯೊಂದರಲ್ಲಿ ಕಾಲು ಭಾಗದಷ್ಟು ಹೊಲದ ಮಣ್ಣನ್ನು ಹಾಕಿ, ನೀರು ತುಂಬಿ, ಬಟ್ಟೆ ತೊಳೆಯುವ ಸೋಡವನ್ನು ಒಂದು ಚಿಟಿಕೆ ಸೇರಿಸಿ, ಬಾಯಿ ಮುಚ್ಚಿ ಚೆನ್ನಾಗಿ ಕುಲುಕಿ ನಿಲ್ಲಿಸಬೇಕು. ಮರಳು ಕಣ್ಣೆದುರಿಗೇ ತಳಕ್ಕೆ ಇಳಿಯುವುದು. 0.02 ಮಿಲಿಮೀಟರಿನ ಕಣವು 10 ಸೆಂಟಿಮೀಟರು ಇಳಿಯಲು ಸುಮಾರು 5 ನಿಮಿಷಗಳು ಸಾಕು, 0.002 ಮಿಲಿಮೀಟರಿನ ಕಣಕ್ಕೆ ಅಷ್ಟೇ ದೂರ ಇಳಿಯಲು ಸುಮಾರು 8 ಗಂಟೆಗಳ ಕಾಲ ಬೇಕು. ಅದಕ್ಕಿಂತಲೂ ಸಣ್ಣ ಜೇಡಿಯು ಮಾರನೆಯ ದಿನವೂ ನೀರನ್ನು ಕದಡಿಯೇ ಇಟ್ಟಿರುವುದು. ನಿಂತ ನೀರಿನಲ್ಲಿಯೇ ಇಷ್ಟು ನಿಧಾನವಾಗಿ ಇಳಿಯುವ ಕಣವು ಹರಿಯುವ ನೀರಿಗೆ ಸಿಕ್ಕಿದರೆ ಹೊಲದಲ್ಲಿ ನಿಲ್ಲುವುದೆಂದು ಹೇಗೆ ನಂಬುವುದು?

ಕಣವು ಸಣ್ಣದಾದಷ್ಟೂ ಅದರ ಮೈ ವಿಸ್ತಾರವು ಹೆಚ್ಚುವುದು. 0.2 ಮಿಲಿಮೀಟರಿನ ದುಂಡು ಮರಳು ಒಂದು ಗ್ರಾಮಿನಷ್ಟಿದ್ದರೆ ಅದರ ಎಲ್ಲ ಕಣಗಳ ಮೈಯನ್ನೂ ಹರಡಿದಾಗ ಸುಮಾರು 113 ಚದರ ಸೆಂಟಿಮೀಟರು, ಅಂದರೆ ಒಂದು ವೀಳ್ಯದೆಲೆಯಷ್ಟು, ಜಾಗವಾಗುವುದು. ಕಣದ ಅಡ್ಡಗಲವು ನೂರರಲ್ಲಿ ಒಂದು ಪಾಲಾದರೆ ಮೈ ನೂರರಷ್ಟಾಗುವುದು. ಜೇಡಿಯ ಕಣಗಳು ದುಂಡಾಗಿರದೆ ತೆಳ್ಳಗಿನ ಹಾಳೆಗಳಂತಿರುವುದರಿಂದ ಅವುಗಳ ಮೈ ಇನ್ನೂ ಹೆಚ್ಚು. ನಮ್ಮ ಕೆಮ್ಮಣ್ಣಿನಲ್ಲಿ ಹೆಚ್ಚಾಗಿರುವ ಕೇವೊಲಿನೈಟ್ ಎಂಬ ಜೇಡಿಯ ಒಂದು ಗ್ರಾಮಿಗೆ 10ರಿಂದ 20 ಚದರ ಮೀಟರು ಮೈ ಇರುವುದು. ಎರೆಭೂಮಿಯ ಮಾಂಟ್‌ಮೊರಿಲೊನೈಟ್ ಎಂಬ ಹಿಗ್ಗುವ ಜೇಡಿಯು ಪದರ ಪದರವಾಗಿ ಬಿಚ್ಚಿಕೊಂಡರೆ ಒಂದು ಗ್ರಾಮಿಗೆ 700 ಚದರ ಮೀಟರಿನವರೆಗೂ ಇರುವುದುಂಟು. ಒಂದು ಗುಂಟೆಯು ಸುಮಾರು 101 ಚದರ ಮೀಟರಾದುದರಿಂದ, ಇದು ಚಿಟಿಕೆ ಮಣ್ಣಿನೊಳಗೆ ಏಳು ಗುಂಟೆ ನೆಲವನ್ನು ಮಡಿಸಿಟ್ಟಂತಾಯಿತು. ನೀರು, ಗೊಬ್ಬರದ ಸಾರ, ಕಿಣ್ವ, ಇವೆಲ್ಲವೂ ಅಂಟಿಕೊಳ್ಳುವುದು ಈ ಮೈಯ ಮೇಲೆಯೇ.

3. ಯಾವ ಕಣದಲ್ಲಿ ಯಾವ ಕಿಣ್ವ

ಕಿಣ್ವವನ್ನು ತೂಗಿ ಅಳೆಯುವುದು ಕಷ್ಟ. ಆದಕಾರಣ ಅದು ಮಾಡುವ ಕೆಲಸವನ್ನು ಅಳೆಯುತ್ತಾರೆ. ಗೊತ್ತಾದ ತೂಕದ ಮಣ್ಣಿಗೆ ಗೊತ್ತಾದಷ್ಟು ಯೂರಿಯವನ್ನು ಕೊಟ್ಟು, 37 ಡಿಗ್ರಿ ಶಾಖದಲ್ಲಿ ಎರಡು ಗಂಟೆಗಳ ಕಾಲ ಇಟ್ಟು, ಎಷ್ಟು ಅಮೋನಿಯ ಹುಟ್ಟಿತೆಂದು ನೋಡಿದರೆ ಯೂರಿಯೇಸಿನ ಶಕ್ತಿಯು ತಿಳಿಯುವುದು. ರಂಜಕವನ್ನು ಬಿಡಿಸುವ ಫಾಸ್ಫಟೇಸ್ ಎಂಬ ಕಿಣ್ವವನ್ನು ಅಳೆಯಲು, ಒಡೆದಾಗ ಹಳದಿ ಬಣ್ಣವನ್ನು ಕೊಡುವ ಒಂದು ರಂಜಕ ಸಂಯೋಗವನ್ನು ಉಪಯೋಗಿಸುವರು. ಅಮೆರಿಕದ ಅಯೋವ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ತಬತಬಾಯಿ ಮತ್ತು ಬ್ರೆಮ್ನರ್ ಎಂಬವರು 1969ರಲ್ಲಿ ಪ್ರಕಟಿಸಿದ ಈ ಕ್ರಮವು ಅಂದಿನಿಂದ ಎಲ್ಲ ಕಡೆಯಲ್ಲಿಯೂ ರೂಢಿಗೆ ಬಂದಿದೆ.

ಕಣಗಳನ್ನು ಬೇರ್ಪಡಿಸುವಾಗ ಬಹಳ ಎಚ್ಚರಿಕೆಯು ಬೇಕು. ಮಣ್ಣಿನ ವಿಂಗಡಣೆಗೆ ಉಪಯೋಗಿಸುವ ಸಾಧಾರಣ ರಸಾಯನ ದ್ರವ್ಯಗಳು ಸಾವಯವ ದ್ರವ್ಯವನ್ನು ಸುಟ್ಟು ಕಿಣ್ವವನ್ನೂ ಕೊಲ್ಲುವುವು. ಅದಕ್ಕಾಗಿ ಮಣ್ಣನ್ನು ನೀರಿನಲ್ಲಿ ಕಲಸಿ, ಕಿವಿಗೆ ಕೇಳಿಸದಂತಹ ಶಬ್ದತರಂಗಗಳಿಂದ ಮೆಲ್ಲಗೆ ಅಲುಗಿಸಿ ಹೆಂಟೆಗಳನ್ನು ಬಿಡಿಸುವರು. ಬಳಿಕ ಒದ್ದೆಯಾಗಿಯೇ ಜರಡಿ ಹಿಡಿದು ಮರಳನ್ನು ತೆಗೆದು, ರೇವೆಯನ್ನೂ ಜೇಡಿಯನ್ನೂ ವೇಗವಾಗಿ ತಿರುಗುವ ಯಂತ್ರದಲ್ಲಿ ಬೇರೆಮಾಡುವರು. ಸ್ಟೆಮ್ಮರ್, ಗೆರ್ಜಾಬೆಕ್ ಮತ್ತು ಕಾಂಡೆಲರ್ ಎಂಬ ವಿಜ್ಞಾನಿಗಳು 1998ರಲ್ಲಿ ಈ ಕ್ರಮದಿಂದ ನಡೆಸಿದ ಪರೀಕ್ಷೆಗಳೂ ಅನಂತರ ಬೇರೆ ಬೇರೆ ದೇಶಗಳಲ್ಲಿ ನಡೆದ ಪರೀಕ್ಷೆಗಳೂ ತೋರಿಸಿಕೊಟ್ಟಿರುವ ಮುಖ್ಯ ಸಂಗತಿಗಳು ಎರಡು.

ಮೊದಲನೆಯದು: ಹುಲ್ಲು, ಕಡ್ಡಿ, ಬೇರುಗಳ ನಾರನ್ನು ಒಡೆಯುವ ಕ್ಸೈಲನೇಸ್ ಎಂಬ ಕಿಣ್ವದ ಕೆಲಸವು ದಪ್ಪ ಕಣಗಳ ವಿಭಾಗದಲ್ಲಿ ಬಲವಾಗಿ ಕಂಡುಬರುವುದು. ಇದು ಮರಳಿನ ಗುಣವಲ್ಲ. ಮರಳಿನ ಗಾತ್ರದ್ದೇ ಆದ ಹುಲ್ಲಿನ ಚೂರುಗಳೂ ಬೇರಿನ ತುಣುಕುಗಳೂ ಆ ವಿಭಾಗದಲ್ಲಿ ಸೇರಿಕೊಂಡಿರುವುವು. ಅವುಗಳ ಮೇಲೆ ಬೆಳೆಯುವ ಬೂಷ್ಟುಗಳೇ ಈ ಕಿಣ್ವವನ್ನು ಸುರಿಸುವುವು.

ಎರಡನೆಯದು: ಸಕ್ಕರೆಯನ್ನು ಒಡೆಯುವ ಇನ್ವರ್ಟೇಸ್, ಯೂರಿಯವನ್ನು ಒಡೆಯುವ ಯೂರಿಯೇಸ್, ರಂಜಕವನ್ನು ಬಿಡಿಸುವ ಫಾಸ್ಫಟೇಸ್, ಈ ಮೂರರ ಕೆಲಸವು ಹೆಚ್ಚಾಗಿ ರೇವೆ ಮತ್ತು ಜೇಡಿಯ ವಿಭಾಗಗಳಲ್ಲಿ ನಡೆಯುವುದು. ಸೂಕ್ಷ್ಮಜೀವಿಗಳ ಬಹುಭಾಗವು ವಾಸವಾಗಿರುವುದೂ ಅಲ್ಲಿಯೇ. ಜೇಡಿಗೂ ಕೊಳೆತ ಸಾವಯವ ದ್ರವ್ಯಕ್ಕೂ ಅಂಟಿಕೊಂಡ ಕಿಣ್ವದ ಚುರುಕು ಸ್ವಲ್ಪ ತಗ್ಗಿದರೂ ಅದರ ಆಯುಸ್ಸು ಹೆಚ್ಚುವುದು. ಬಿಡಿಯಾಗಿರುವ ಕಿಣ್ವವನ್ನು ಬೇರೆ ಜೀವಿಗಳು ಬೇಗನೆ ತಿಂದುಹಾಕುವುವು; ಅಂಟಿಕೊಂಡದ್ದು ಅವುಗಳಿಗೆ ಸುಲಭವಾಗಿ ಸಿಕ್ಕುವುದಿಲ್ಲ.

ರೈತನ ಮಾತಿನಲ್ಲಿ ಹೇಳುವುದಾದರೆ, ದಪ್ಪ ವಿಭಾಗದ ಕಿಣ್ವವು ಕಣದಲ್ಲಿರುವ ರಾಶಿಯಂತೆ. ಸುಗ್ಗಿಯಾದಾಗ ತುಂಬುವುದು, ಸುಗ್ಗಿ ಮುಗಿದರೆ ಬರಿದಾಗುವುದು. ಹುಲ್ಲು ಕಡ್ಡಿಗಳು ಹೊಲಕ್ಕೆ ಬಂದಾಗ ಹೆಚ್ಚಿ, ಅವು ನಿಂತರೆ ಕುಗ್ಗುವುದು. ನಯವಾದ ವಿಭಾಗದ ಕಿಣ್ವವು ಹಗೇವಿನಲ್ಲಿಟ್ಟ ಧಾನ್ಯದಂತೆ. ವರ್ಷ ವರ್ಷವೂ ಸ್ವಲ್ಪ ಸ್ವಲ್ಪವಾಗಿ ಕೂಡಿ, ಕಷ್ಟದ ವರ್ಷದಲ್ಲಿಯೂ ಒದಗುವುದು. ಜರ್ಮನಿಯ ಬಾಡ್ ಲಾಖ್‌ಸ್ಟೆಟ್ ಎಂಬಲ್ಲಿ 1902ರಲ್ಲಿ ಆರಂಭವಾದ ಗೊಬ್ಬರದ ಪ್ರಯೋಗವು ಈ ಮಾತಿಗೆ ಆಧಾರವಾಗಿದೆ. ಅಲ್ಲಿ ಕೆಲವು ತಾಕುಗಳಿಗೆ ಎರಡು ವರ್ಷಕ್ಕೊಮ್ಮೆ ಕೊಟ್ಟಿಗೆ ಗೊಬ್ಬರವನ್ನು ಹಾಕುತ್ತಲೂ, ಕೆಲವಕ್ಕೆ ಏನನ್ನೂ ಹಾಕದೆಯೂ ಬಂದಿದ್ದಾರೆ. ಗೊಬ್ಬರವನ್ನು ಕಂಡ ತಾಕುಗಳಲ್ಲಿ ಸೂಕ್ಷ್ಮಜೀವಿಗಳೂ ಕಿಣ್ವಗಳ ಕೆಲಸವೂ ಕಾಣದ ತಾಕುಗಳಿಗಿಂತ ಹೆಚ್ಚಾಗಿರುವುದು. ಇದು ಒಂದು ವರ್ಷದ ಗೊಬ್ಬರದಿಂದಾದದ್ದಲ್ಲ, ತಲೆಮಾರುಗಳ ಕೂಡಿಕೆ.

4. ನಮ್ಮ ಭೂಮಿಗಳ ಸ್ಥಿತಿ

ಕೋಲಾರ, ತುಮಕೂರು, ಬೆಂಗಳೂರು, ಮಂಡ್ಯ ಮುಂತಾದ ಕಡೆಗಳ ಕೆಮ್ಮಣ್ಣಿನ ಬೆದ್ದಲು ಹೊಲಗಳಲ್ಲಿ ಮೇಲ್ಮಣ್ಣು ಅನೇಕ ವೇಳೆ ಮರಳು ಮಿಶ್ರವಾಗಿದ್ದು, ಜೇಡಿಯು ಕೆಳಗಿನ ಪದರದಲ್ಲಿ ಹೆಚ್ಚಾಗಿರುವುದು. ಮೇಲಿನ ಅಲ್ಪ ಜೇಡಿಯು ಕೊಚ್ಚಿಹೋದರೆ ಕೆಳಗಿನ ಜೇಡಿಯು ಮೇಲಕ್ಕೆ ಬರುವುದಷ್ಟೆ, ಅದರಿಂದ ನಷ್ಟವೇನು ಎಂದು ಕೆಲವರು ಕೇಳುವುದುಂಟು. ಕಿಣ್ವಗಳೂ ಸಾವಯವ ದ್ರವ್ಯವೂ ನೆಲದ ಮೇಲಿನ ಕೆಲವು ಅಂಗುಲಗಳಲ್ಲಿ ಹೆಚ್ಚಾಗಿದ್ದು, ಆಳಕ್ಕೆ ಹೋದಂತೆಲ್ಲಾ ಕಡಮೆಯಾಗುವುವು. ಆದುದರಿಂದ ಕೆಳಗಿನ ಜೇಡಿಯು ಬರಿಯ ಹಗೇವು, ಅದರೊಳಗೆ ಧಾನ್ಯವಿಲ್ಲ. ಅದನ್ನು ತುಂಬಲು ಪುನಃ ಎಷ್ಟೋ ವರ್ಷಗಳ ಗೊಬ್ಬರವು ಬೇಕಾಗುವುದು.

ಕೆಮ್ಮಣ್ಣಿನಲ್ಲಿ ಇನ್ನೊಂದು ತೊಡಕುಂಟು. ಅದರಲ್ಲಿರುವ ಕಬ್ಬಿಣ ಮತ್ತು ಅಲ್ಯೂಮಿನಿಯಂ ಸಂಯೋಗಗಳು ಹಾಕಿದ ರಂಜಕವನ್ನು ಬಿಗಿಯಾಗಿ ಹಿಡಿದುಕೊಳ್ಳುವುವು. ಮಣ್ಣಿನ ರಂಜಕದಲ್ಲಿ ಒಂದು ದೊಡ್ಡ ಪಾಲು ಸಾವಯವ ರೂಪದಲ್ಲಿಯೂ ಇರುವುದು. ಆ ಪಾಲನ್ನು ಪೈರಿಗೆ ಬಿಡಿಸಿಕೊಡುವುದು ಫಾಸ್ಫಟೇಸ್. ರಂಜಕದ ಹಸಿವಾದಾಗ ಪೈರಿನ ಬೇರುಗಳೇ ಈ ಕಿಣ್ವವನ್ನು ಹೆಚ್ಚಾಗಿ ಸುರಿಸುವುವು. ಹಣ ಕೊಟ್ಟು ತಂದ ರಂಜಕದ ಗೊಬ್ಬರವನ್ನು ನೆಲವು ಹಿಡಿದಿಟ್ಟುಕೊಳ್ಳುವ ಕಡೆಯಲ್ಲಿ ಈ ಕಿಣ್ವದ ನೆರವನ್ನು ಕಳೆದುಕೊಳ್ಳುವುದು ಎರಡು ಬಗೆಯ ನಷ್ಟವಾಗಿದೆ.

ಎರೆಭೂಮಿಯಲ್ಲಿ ಜೇಡಿಗೆ ಕೊರತೆಯಿಲ್ಲ. ಆದರೆ ಮೇಲೆ ಮುಚ್ಚಿಗೆಯಿಲ್ಲದ ಎರೆಯ ಹೊಲದ ಮೇಲೆ ರಭಸದ ಮಳೆ ಬಿದ್ದಾಗ ನೀರು ಬೇಗನೆ ಇಂಗದೆ ಹರಿದು ಮಣ್ಣನ್ನು ಕೊಚ್ಚುವುದು. 1933ರ ಬಳಿಕ ಸೊಲ್ಲಾಪುರ ಮತ್ತು ಬಿಜಾಪುರಗಳಲ್ಲಿ ಸ್ಥಾಪಿತವಾದ ಒಣ ಬೇಸಾಯದ ಸಂಶೋಧನಾ ಕೇಂದ್ರಗಳು ನೀರನ್ನೂ ಮಣ್ಣನ್ನೂ ಹೊಲದಲ್ಲಿಯೇ ನಿಲ್ಲಿಸುವ ವಿಷಯಕ್ಕೆ ಮೊದಲಿನಿಂದಲೂ ಪ್ರಾಶಸ್ತ್ಯವನ್ನು ಕೊಟ್ಟುದಕ್ಕೆ ಇದೇ ಕಾರಣ.

5. ನಷ್ಟದ ಲೆಕ್ಕ

ಒಂದು ಎಕರೆಯಿಂದ ಒಂದು ಮಿಲಿಮೀಟರು, ಅಂದರೆ ಉಗುರಿನ ದಪ್ಪಕ್ಕಿಂತ ಸ್ವಲ್ಪ ಹೆಚ್ಚು, ಮಣ್ಣು ಹೋದರೆ ಕಣ್ಣಿಗೆ ಕಾಣುವುದಿಲ್ಲ. ತೂಕದಲ್ಲಿ ಅದು ಐದೂವರೆ ಟನ್ನಿಗೂ ಹೆಚ್ಚು. ಮೇಲಿನ 15 ಸೆಂಟಿಮೀಟರು ಮಣ್ಣಿನ ಒಟ್ಟು ತೂಕವು ಎಕರೆಗೆ ಸುಮಾರು 850 ಟನ್ನು. ಐದೂವರೆ ಟನ್ನು ಇದರ ಮುಂದೆ ಅಲ್ಪವೆಂದು ತೋರಬಹುದು. ಆದರೆ ಮಳೆಯ ನೀರು ಹೊಲವನ್ನು ಸಮನಾಗಿ ಕೆತ್ತಿಕೊಂಡು ಹೋಗುವುದಿಲ್ಲ. ದಪ್ಪ ಕಣವನ್ನು ಬಿಟ್ಟು ನಯವಾದುದನ್ನೂ, ಭಾರವಾದುದನ್ನು ಬಿಟ್ಟು ಹಗುರವಾದ ಸಾವಯವ ದ್ರವ್ಯವನ್ನೂ ಆರಿಸಿಕೊಂಡು ಹೋಗುವುದು. ಕೊಚ್ಚಿಹೋದ ಮಣ್ಣನ್ನು ಪರೀಕ್ಷಿಸಿದ ಕಡೆಗಳಲ್ಲಿ, ಅದು ಹೊಲದಲ್ಲಿ ಉಳಿದ ಮಣ್ಣಿಗಿಂತ ಜೇಡಿ, ಇಂಗಾಲ, ಸಾರಜನಕಗಳಲ್ಲಿ ಪುಷ್ಟವಾಗಿರುವುದು ಸಾಮಾನ್ಯವಾಗಿ ಕಂಡುಬಂದಿದೆ. ಅಕ್ಕಿಯನ್ನು ಕೇರಿ ನುಚ್ಚನ್ನು ಉಳಿಸಿಕೊಂಡಂತೆ, ನಮ್ಮ ಹೊಲದಲ್ಲಿ ಮರಳು ಉಳಿದು ಸತ್ವವು ಹೋಗುವುದು.

ಹೋದದ್ದು ಎಲ್ಲಿಗೆ ಹೋಯಿತು? ಒಂದು ಪಾಲು ಹೊಳೆಯ ಪಾಲಾಯಿತು. ಇನ್ನೊಂದು ಪಾಲು ಊರ ಕೆರೆಯಲ್ಲಿ ಹೂಳಾಗಿ ನಿಂತಿದೆ. ಆದುದರಿಂದ ಕೆರೆಯ ಹೂಳು ಊರಿನ ಹೊಲಗಳಿಂದ ಬಂದ ಊರಿನ ಸ್ವತ್ತೇ ಆಗಿದೆ.

6. ಮಾಡಬೇಕಾದ ಕೆಲಸಗಳು

ಮೊದಲನೆಯದಾಗಿ, ನಯವಾದ ಮಣ್ಣನ್ನು ಹೊಲದಲ್ಲಿಯೇ ನಿಲ್ಲಿಸಬೇಕು. ಇಳಿಜಾರಿಗೆ ಅಡ್ಡಲಾಗಿ ಉಳುವುದು, ಅಡ್ಡಲಾಗಿಯೇ ಬಿತ್ತುವುದು, ಮಟ್ಟವನ್ನು ನೋಡಿ ಬದುಗಳನ್ನು ಹಾಕುವುದು, ಹೆಚ್ಚಾದ ನೀರು ಹೊರಗೆ ಹೋಗಲು ಕಲ್ಲುಕಟ್ಟಿದ ದಾರಿಯನ್ನು ಬಿಡುವುದು, ಇವು ಮುಖ್ಯವಾದುವು. ಗುಂಡ್ಲುಪೇಟೆಯ ಕಡೆಯ ರೈತರು ಹೊಲದ ಎಲ್ಲೆಗಳಲ್ಲಿ ಲಾವಂಚದ ಸಾಲನ್ನು ಬೆಳೆಸುವ ಪದ್ಧತಿಯು ಬಹುಕಾಲದ್ದು. ಒತ್ತಾಗಿ ಬೆಳೆದ ಲಾವಂಚವು ನೀರನ್ನು ಸೋಸಿ ಬಿಟ್ಟು ಮಣ್ಣನ್ನು ಹಿಡಿಯುವುದು. ಅದರ ಬೇರು ಆಳಕ್ಕೆ ಇಳಿಯುವುದರಿಂದ ಬದುವೂ ಭದ್ರವಾಗುವುದು. ರಾಗಿಯ ನಡುವೆ ಅವರೆ ಅಥವಾ ತೊಗರಿಯ ಅಕ್ಕಡಿ ಸಾಲನ್ನು ಬಿಡುವುದರಿಂದ, ರಾಗಿಯ ಕೊಯ್ಲಾದ ಮೇಲೆಯೂ ನೆಲಕ್ಕೆ ಸ್ವಲ್ಪ ಮುಚ್ಚಿಗೆಯಿರುವುದು. ಹುರುಳಿಯೂ ನೆಲವನ್ನು ಚೆನ್ನಾಗಿ ಮುಚ್ಚುವ ಬೆಳೆಯೇ.

ಎರಡನೆಯದಾಗಿ, ಕೂಳೆಯನ್ನೂ ಸೋಗೆಯನ್ನೂ ಹೊಲದಲ್ಲಿ ಸುಡಬಾರದು. ದಪ್ಪ ವಿಭಾಗದ ಕಿಣ್ವಗಳಿಗೆ ಇವೇ ಮೂಲ. ಸುಡುವಾಗ ನೆಲದ ಮೇಲ್ಭಾಗದ ಕಿಣ್ವಗಳು ಬೆಂಕಿಯ ಶಾಖದಿಂದ ಕೆಡುವುದಲ್ಲದೆ ಮುಂದೆ ಹುಟ್ಟಬೇಕಾದವುಗಳ ಆಹಾರವೂ ನಾಶವಾಗುವುದು. ದನಗಳ ಮೇವಿಗೆ ಬೇಕಾದುದನ್ನು ತೆಗೆದುಕೊಂಡು ಉಳಿದುದನ್ನು ಹೊದಿಕೆಯಾಗಿ ಹರಡುವುದು ಅಥವಾ ಗುಂಡಿಯಲ್ಲಿ ಕೊಳೆಯಿಸುವುದು ಲೇಸು.

ಮೂರನೆಯದಾಗಿ, ಕೊಟ್ಟಿಗೆ ಗೊಬ್ಬರವನ್ನು ಹೊಲಕ್ಕೆ ಸಾಗಿಸಿ ಸಣ್ಣ ಗುಡ್ಡೆಗಳಾಗಿ ವಾರಗಟ್ಟಲೆ ಬಿಸಿಲಿನಲ್ಲಿ ಬಿಡುವ ಅಭ್ಯಾಸವನ್ನು ತಪ್ಪಿಸಬೇಕು. ಬಿಸಿಲಿಗೆ ಅದರ ಸಾರಜನಕವು ಹಾರಿಹೋಗುವುದು. ಹರಡಿದ ದಿನವೇ ಕುಂಟೆ ಹೊಡೆದು ಮಣ್ಣಿನಲ್ಲಿ ಸೇರಿಸಿದರೆ ಗೊಬ್ಬರವೂ ಜೇಡಿಯೂ ಒಂದನ್ನೊಂದು ಹಿಡಿದುಕೊಳ್ಳುವುವು. ಬದುಗಳ ಮೇಲೆ ಹೊಂಗೆ ಮತ್ತು ಗ್ಲಿರಿಸಿಡಿಯ ಗಿಡಗಳನ್ನು ಬೆಳೆಸಿದರೆ ಹಸುರೆಲೆಗೆ ಕೊರತೆಯಾಗದು.

ನಾಲ್ಕನೆಯದಾಗಿ, ಯೂರಿಯವನ್ನು ಹಾಕುವಾಗ ಯೂರಿಯೇಸ್ ಕಿಣ್ವವನ್ನು ನೆನಪಿನಲ್ಲಿಡಬೇಕು. ಈ ಕಿಣ್ವವು ತೇವವಾದ ಮಣ್ಣಿನಲ್ಲಿ ಕೆಲವೇ ದಿನಗಳೊಳಗಾಗಿ ಯೂರಿಯವನ್ನು ಅಮೋನಿಯವನ್ನಾಗಿ ಮಾಡುವುದು. ಇದು ಮಣ್ಣಿನೊಳಗೆ ನಡೆದರೆ ಜೇಡಿಯು ಅದನ್ನು ಹಿಡಿದಿಟ್ಟುಕೊಳ್ಳುವುದು. ನೆಲದ ಮೇಲೆಯೇ ನಡೆದರೆ ಅಮೋನಿಯವು ಗಾಳಿಗೆ ಹಾರಿಹೋಗುವುದು. ಜೇಡಿ ಕಡಮೆಯಾದ ಮರಳು ನೆಲದಲ್ಲಿಯೂ, ಸುಣ್ಣದ ಅಂಶವುಳ್ಳ ಎರೆಯಲ್ಲಿಯೂ, ಬಿಸಿಲಿನ ದಿನಗಳಲ್ಲಿಯೂ ಈ ನಷ್ಟವು ಹೆಚ್ಚು. ಹುಲ್ಲಿನ ಹೊದಿಕೆಯ ಮೇಲೆ ಯೂರಿಯವನ್ನು ಎರಚಿದರೆ ನಷ್ಟವು ಇನ್ನೂ ಅಧಿಕವಾಗುವುದು, ಏತಕ್ಕೆಂದರೆ ಕೊಳೆಯುವ ಹುಲ್ಲಿನಲ್ಲಿಯೂ ಯೂರಿಯೇಸ್ ಬಲವಾಗಿರುವುದು. ಆದಕಾರಣ ಯೂರಿಯವನ್ನು ಎರಡು ಅಂಗುಲ ಆಳಕ್ಕೆ ಇಟ್ಟು ಮುಚ್ಚಬೇಕು. ಇಲ್ಲವೆ ಹಾಕಿದ ಕೂಡಲೆ ನೀರು ಕಟ್ಟಿ ಇಂಗಿಸಬೇಕು. ಒಂದೇ ಸಲ ಹಾಕದೆ ಕಂತುಗಳಾಗಿ ಹಾಕುವುದು ಮೇಲು. 2015ರಿಂದ ನಮ್ಮ ದೇಶದಲ್ಲಿ ತಯಾರಾಗುವ ಯೂರಿಯಕ್ಕೆಲ್ಲಾ ಬೇವಿನ ಎಣ್ಣೆಯ ಲೇಪವು ಕಡ್ಡಾಯವಾಗಿದೆ. ಆ ಲೇಪವು ಮುಖ್ಯವಾಗಿ ಅಮೋನಿಯವು ನೈಟ್ರೇಟ್ ಆಗುವುದನ್ನು ನಿಧಾನಮಾಡುವುದು. ಅದನ್ನು ನಂಬಿ ಗೊಬ್ಬರವನ್ನು ಮುಚ್ಚದೆ ಬಿಡುವುದು ಸರಿಯಲ್ಲ.

ಐದನೆಯದಾಗಿ, ಕೆರೆಗೋಡನ್ನು ಹೊಲಕ್ಕೆ ಹಿಂದಕ್ಕೆ ತರಬೇಕು. ಲೆಕ್ಕಕ್ಕಾಗಿ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಶೇಕಡ 10 ಜೇಡಿಯುಳ್ಳ ಹೊಲದ ಒಂದು ಎಕರೆಯ ಮೇಲ್ಮಣ್ಣಿನಲ್ಲಿ ಸುಮಾರು 85 ಟನ್ನು ಜೇಡಿಯಿರುವುದು. ಅದಕ್ಕೆ ಶೇಕಡ 50 ಜೇಡಿಯುಳ್ಳ ಕೆರೆಗೋಡನ್ನು 40 ಟನ್ನು ಸೇರಿಸಿದರೆ ಇನ್ನೂ 20 ಟನ್ನು ಜೇಡಿಯು ಕೂಡಿ, ಅದರ ಪ್ರಮಾಣವು ಶೇಕಡ 12ರ ಸಮೀಪಕ್ಕೆ ಬರುವುದು. ಒಂದೇ ವರ್ಷದಲ್ಲಿ ನೆಲದ ಜಾತಿಯೇ ಬದಲಾಗದು. ಆದರೆ ಈ ಜೇಡಿಯು ನೀರಿನಂತೆ ಇಂಗಿ ಹೋಗುವುದಲ್ಲ, ಬದು ಭದ್ರವಾಗಿದ್ದರೆ ಮೊಮ್ಮಕ್ಕಳ ಕಾಲಕ್ಕೂ ಉಳಿಯುವುದು. ಬೇಸಿಗೆಯಲ್ಲಿ ಗೋಡನ್ನು ಹರಡಿ, ಹೆಂಟೆಗಳನ್ನು ಒಣಗಿಸಿ ಪುಡಿಮಾಡಿ, ಕೊಟ್ಟಿಗೆ ಗೊಬ್ಬರದೊಡನೆ ಸೇರಿಸಿ ಉಳಬೇಕು. ಮರಳು ಮಿಶ್ರವಾದ ಕೆಮ್ಮಣ್ಣಿಗೆ ಇದು ಒಳ್ಳೆಯದು. ನೀರು ಬಸಿಯದ ಭಾರವಾದ ಎರೆಗೆ ಬೇಡ. ಚೌಳು ಸೇರಿದ ಕೆರೆಯ ಹೂಳನ್ನೂ, ಪಟ್ಟಣದ ಅಥವಾ ಕಾರ್ಖಾನೆಯ ಕೊಳೆನೀರು ಬೀಳುವ ಕೆರೆಯ ಹೂಳನ್ನೂ ಪರೀಕ್ಷೆ ಮಾಡಿಸದೆ ತರಲೇಬಾರದು.

7. ಎರಡು ಎಚ್ಚರಿಕೆಗಳು

ಕಿಣ್ವಗಳು ಭೂಮಿಗೆ ಇಷ್ಟು ಉಪಯುಕ್ತವಾಗಿದ್ದರೆ ಅವನ್ನೇ ಸೀಸೆಯಲ್ಲಿ ಕೊಂಡು ತಂದು ಸುರಿಯಬಾರದೆ ಎಂದು ಕೇಳಬಹುದು. ಹೊರಗಿನಿಂದ ತಂದು ಸುರಿದ ಬಿಡಿ ಕಿಣ್ವವು ಮಣ್ಣಿನಲ್ಲಿ ಬಹುಕಾಲ ನಿಲ್ಲುವುದಿಲ್ಲ. ಅದನ್ನು ಹಿಡಿದುಕೊಳ್ಳುವ ಜೇಡಿಯೂ, ಹುಟ್ಟಿಸುತ್ತಿರುವ ಜೀವಿಗಳೂ, ಆ ಜೀವಿಗಳಿಗೆ ಆಹಾರವೂ ಹೊಲದಲ್ಲಿಯೇ ಇರಬೇಕು. ಇವು ಮೂರೂ ಇರುವ ಹೊಲಕ್ಕೆ ಕೊಂಡು ತಂದ ಕಿಣ್ವವು ಬೇಕಾಗಿಲ್ಲ. ಇಲ್ಲದ ಹೊಲದಲ್ಲಿ ಅದು ನಿಲ್ಲುವಂತಿಲ್ಲ.

ಎರಡನೆಯ ಎಚ್ಚರಿಕೆಯೇನೆಂದರೆ, ಕಿಣ್ವದ ಕೆಲಸ ಹೆಚ್ಚಾಗಿದ್ದ ಮಾತ್ರಕ್ಕೆ ಫಸಲು ಹೆಚ್ಚೆಂದು ತಿಳಿಯಬಾರದು. ಮಳೆ, ಬೀಜ, ಕಳೆ, ರೋಗ, ಇವೆಲ್ಲವೂ ಫಸಲನ್ನು ನಿರ್ಧರಿಸುವುವು. ಸವೆದ ಹೊಲಕ್ಕೆ ಬೇಕಾದ ಗೊಬ್ಬರವನ್ನು ಕಿಣ್ವದ ಹೆಸರಿನಲ್ಲಿ ನಿಲ್ಲಿಸುವುದೂ ತಪ್ಪೇ. ಹಾಕಿದ ಗೊಬ್ಬರದ ಬೆಲೆಯು ಕೈಗೆ ಹಿಂದಿರುಗಬೇಕಾದರೆ ಕಿಣ್ವಗಳುಳ್ಳ ನಯವಾದ ಮಣ್ಣು ಹೊಲದಲ್ಲಿರಬೇಕೆಂಬುದಷ್ಟೇ ಇಲ್ಲಿನ ತಾತ್ಪರ್ಯ.

8. ಗ್ರಾಮಮುಖಂಡರಲ್ಲಿ ವಿಜ್ಞಾಪನೆ

ಮೇಲ್ಕಂಡ ಕೆಲಸಗಳಲ್ಲಿ ಗೊಬ್ಬರಕ್ಕೂ ಕೂಳೆಗೂ ಸಂಬಂಧಪಟ್ಟುವನ್ನು ಪ್ರತಿಯೊಬ್ಬ ಹಿಡುವಳಿದಾರನೂ ತಾನೇ ಮಾಡಿಕೊಳ್ಳಬಲ್ಲನು. ಬದುವಿನ ಕೆಲಸವೂ ಕೆರೆಯ ಕೆಲಸವೂ ಹಾಗಲ್ಲ. ಮೇಲಿನ ಹೊಲದವನು ಬದು ಹಾಕದಿದ್ದರೆ ಅವನ ನೀರು ಕೆಳಗಿನ ಹೊಲದವನ ಬದುವನ್ನು ಒಡೆಯುವುದು. ಕೆಳಗಿನವನು ನೀರಿಗೆ ದಾರಿ ಕೊಡದಿದ್ದರೆ ಮೇಲಿನವನ ಪೈರು ನೀರು ನಿಂತು ಕೆಡುವುದು. ಅದುಕಾರಣ ದಿಣ್ಣೆಯ ನೆತ್ತಿಯಿಂದ ಹಳ್ಳದವರೆಗೆ ಒಂದು ಇಳಿಜಾರಿನ ಹಿಡುವಳಿದಾರರೆಲ್ಲರೂ ಒಟ್ಟಿಗೆ ಕುಳಿತು, ನೀರು ಎಲ್ಲಿ ನಿಲ್ಲಬೇಕು, ಎಲ್ಲಿ ಹೋಗಬೇಕು ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಇಂತಹ ಮಾತುಕತೆಯಲ್ಲಿ ಎಲ್ಲೆಯ ಹಳೆಯ ವ್ಯಾಜ್ಯಗಳು ತಲೆಯೆತ್ತುವುದು ಸಹಜ. ಅವನ್ನು ಸಮಾಧಾನಪಡಿಸಿ ಕೆಲಸವನ್ನು ಮುಂದಕ್ಕೆ ನಡೆಸುವುದಕ್ಕೆ ಊರಿನಲ್ಲಿ ಮಾತು ನಡೆಯುವ ತಮ್ಮಂತಹವರೇ ಬೇಕು.

ಕೆರೆಯ ಹೂಳಿನ ವಿಷಯದಲ್ಲಿಯೂ ಹಾಗೆಯೇ. ಅನುಮತಿಯನ್ನು ಪಡೆದು, ಏರಿಗೂ ತೂಬಿಗೂ ಧಕ್ಕೆ ಬಾರದಂತೆ, ಎಲ್ಲಿ ಎಷ್ಟು ತೆಗೆಯಬೇಕೆಂದು ಗೊತ್ತುಮಾಡಿ, ಗಾಡಿಯುಳ್ಳವನಿಗೂ ಇಲ್ಲದವನಿಗೂ ನ್ಯಾಯವಾದ ಪಾಲು ದೊರೆಯುವಂತೆ ಹಂಚುವುದು ತಮ್ಮ ಹೊಣೆಯಾಗಿದೆ. ಬಲವುಳ್ಳ ನಾಲ್ವರು ಹೂಳನ್ನೆಲ್ಲಾ ಸಾಗಿಸಿಕೊಂಡರೆ, ಯಾರ ಹೊಲದಿಂದ ಆ ಮಣ್ಣು ಹೆಚ್ಚಾಗಿ ಬಂದಿತೋ ಆ ಇಳಿಜಾರಿನ ಬಡ ಹಿಡುವಳಿದಾರನಿಗೆ ಏನೂ ದಕ್ಕದೆ ಹೋಗುವುದು.

ಮುಂಗಾರಿಗೆ ಮುಂಚೆ ದೊರೆಯುವ ಬಿಡುವಿನ ದಿನಗಳು ಸ್ವಲ್ಪವೇ. ಆ ದಿನಗಳಲ್ಲಿ ತಮ್ಮ ಊರಿನ ಒಂದು ಇಳಿಜಾರನ್ನಾದರೂ ಆರಿಸಿಕೊಂಡು, ಬದುಗಳನ್ನು ನೇರ್ಪಡಿಸಿ, ಕೆರೆಗೋಡನ್ನು ಹರಡಿ, ಮಳೆಯಾದ ಬಳಿಕ ಅಲ್ಲಿಂದ ಹೊರಗೆ ಹರಿದ ನೀರನ್ನು ಒಂದು ಸೀಸೆಯಲ್ಲಿಯೂ, ಬದುವಿಲ್ಲದ ಪಕ್ಕದ ಇಳಿಜಾರಿನ ನೀರನ್ನು ಇನ್ನೊಂದು ಸೀಸೆಯಲ್ಲಿಯೂ ಹಿಡಿದು, ಎರಡನ್ನೂ ರಾತ್ರಿಯೆಲ್ಲಾ ನಿಲ್ಲಿಸಿ, ಬೆಳಗ್ಗೆ ತಳದಲ್ಲಿ ನಿಂತ ಮಣ್ಣನ್ನು ಊರಿನವರೆಲ್ಲರಿಗೂ ತೋರಿಸಬೇಕೆಂದು ತಮ್ಮಲ್ಲಿ ಪ್ರಾರ್ಥಿಸುತ್ತೇನೆ.